ಬಂಡೆಪ್ಪನ ಗಂಟಲು

ಮಾತು ಬಲ್ಲವನಿಗೆ ರೋಗ ಬಂತು, ಊಟ ಬಲ್ಲವನಿಗೆ ಜಗಳ ಬಂತು. ಈ ಗಾದೆಯನ್ನು ನಾನು ತಿರುಚಿಲ್ಲ. ನಮ್ಮ ಹೊನ್ನಗುಡ್ಡಿ ಬಂಗಾರದ ಗಣಿಗೆ ಒಮ್ಮೆ ಇಳಿದು ಮೇಲೆ ಬರುವಷ್ಟರಲ್ಲಿ ಅದೇ ಹೀಗೆ ತಿರುಚಿಕೊಂಡಿತ್ತು. ಮಾತು ಬಲ್ಲವನು ಹುಸೇನಪ್ಪ ಮೇಸ್ತ್ರಿ. ಊಟ ಬಲ್ಲವನು ಕಂಟ್ರೋಲ್ ರೂಮಿನ ಯಂಕೋಬ, ಅಂದರೆ ನಾನು. ಮುಂದಿನದೆಲ್ಲ ನಡೆದದ್ದು ನಡೆದ ಹಾಗೆ. ಕಾಲೇಜಿನ ಗ್ಯಾದರಿಂಗಿನಿಂದ ಹಿಡಿದು ಇಂದಿನವರೆಗೆ ಕಂಡಕಂಡವರ ದನಿ ತೆಗೆದು ನಗಿಸಿದವನ ಮಾತನ್ನು ಹೇಗೆ ನಂಬುವುದು ಎಂದು ನೀವು ಕೇಳಬಹುದು. ಅದೇ ಪ್ರಶ್ನೆಯಿಂದ ನಮ್ಮಲ್ಲಿ ಒಂದು ಪಾಳಿಯ ಜನ ನೀರುಪಾಲಾಗುವುದರಲ್ಲಿದ್ದರು.

ಮೊದಲು ಬಂಡೆಪ್ಪನ ಪರಿಚಯ. ಬಂಡೆಪ್ಪ ಮನುಷ್ಯನಲ್ಲ, ಕಂಪ್ಯೂಟರು. ಕಚೇರಿಯ ಕಂಪ್ಯೂಟರಿಗೆ ಫ್ಯಾನಿರುತ್ತದೆ, ತೂತಿರುತ್ತದೆ, ಚಹಾ ಚೆಲ್ಲಿದರೆ ಸಾಯುವ ಸೌಭಾಗ್ಯವಿರುತ್ತದೆ. ಇದಕ್ಕೆ ಸೂಜಿ ತೂರುವಷ್ಟೂ ಸಂದಿಲ್ಲ. ದಪ್ಪ ಉಕ್ಕಿನ ಮೈ, ಬೆನ್ನ ಮೇಲೆ ಬಿಸಿ ಬಿಡಲು ಮೊಸಳೆಯಂಥ ಏಣು, ಕೈಗವಸು ಹಾಕಿಕೊಂಡೇ ಒತ್ತಬಹುದಾದ ಗುಂಡಿಗಳು. ಅದನ್ನು ತಂದ ಇಂಜಿನಿಯರು ನಳಿನಾಕ್ಷಿ ಮೇಡಂ, ಮೈಸೂರು ಕಡೆಯವರು. ಅದರ ಮೇಲೆ ಪೈಪಿನಿಂದ ನೀರು ಹೊಡೆಸಿದರು, ದೂಳು ಸುರಿಸಿದರು, ಕಡೆಗೆ ನಮ್ಮ ಪಾಳಿಯ ತಿಪ್ಪಣ್ಣನ ಕೈಗೆ ಸುತ್ತಿಗೆ ಕೊಟ್ಟು ಬಾರಿಸಲು ಹೇಳಿದರು. ತಿಪ್ಪಣ್ಣನ ಭುಜ ಎರಡು ದಿನ ಏಳಲಿಲ್ಲ, ಪೆಟ್ಟಿಗೆಗೆ ಗೀರೂ ಬೀಳಲಿಲ್ಲ. ಗಣಿಯ ಗಾಳಿಯಲ್ಲಿ ಒಮ್ಮೊಮ್ಮೆ ಬೆಂಕಿ ಹತ್ತುವ ಅನಿಲ ಕೂಡಿಕೊಳ್ಳುತ್ತದೆ. ಇಂಥ ಪೆಟ್ಟಿಗೆಯೊಳಗೆ ಕಿಡಿ ಹಾರುವುದೇ ಇಲ್ಲವೇ ಎಂದು ನಾನು ಕೇಳಿದೆ.

“ಹಾರಲ್ಲ ಅಂತ ಮಾತು ಕೊಡಲ್ಲ. ಒಳಗೆ ಏನೇ ಸಿಡಿದ್ರೂ ಹೊರಗೆ ಬರಲ್ಲ ಅಂತ ಕೊಡ್ತೀನಿ,” ಎಂದರು ಮೇಡಂ.

“ಹಂಗಾರ ಥೇಟ್ ನಮ್ಮಪ್ಪ,” ಎಂದ ತಿಪ್ಪಣ್ಣ ಭುಜ ತಿಕ್ಕಿಕೊಳ್ಳುತ್ತ. ಅವರಪ್ಪನ ಹೆಸರು ಬಂಡೆಪ್ಪ. ಪೆಟ್ಟಿಗೆಗೂ ಅದೇ ಹೆಸರು ನಿಂತಿತು.

ಒಂದು ಕಟ್ಟಳೆಯನ್ನು ಮೇಡಂ ಎಲ್ಲರಿಗೂ ಬಾಯಿಪಾಠ ಮಾಡಿಸಿದರು. ಗಣಿಯೊಳಗೆ ಬಂಡೆಪ್ಪನ ಮುಚ್ಚಳ ತೆಗೆಯುವಂತಿಲ್ಲ. ತೆಗೆಯಬೇಕೆಂದರೆ ಮೇಲೆ ತರಬೇಕು, ಅಷ್ಟು ದಿನ ಗಣಿ ಮುಚ್ಚಬೇಕು.

ಬಂಡೆಪ್ಪನ ಕೆಲಸ ಕೇಳಿಸಿಕೊಳ್ಳುವುದು. ನಮ್ಮ ತಳದ ಅಂತಸ್ತಿನ ನೆತ್ತಿಯ ಮೇಲೆ ಹಿಂದೆಂದೋ ಯಾರೋ ತೋಡಿ ಬಿಟ್ಟುಹೋದ ಸುರಂಗಗಳಿವೆ, ಅವುಗಳ ತುಂಬ ನೀರು. ನಡುವೆ ಇರುವುದು ಕಲ್ಲಿನ ಒಂದು ಹಪ್ಪಳ. ಹಪ್ಪಳ ಮುರಿಯುವ ಮೊದಲು ಚಿಟಿಚಿಟಿ ಎನ್ನುತ್ತದೆ; ಮನುಷ್ಯರಿಗೆ ಕೇಳದ ಆ ಸದ್ದು ಬಂಡೆಪ್ಪನಿಗೆ ಕೇಳುವಂತೆ ಕಲ್ಲಿನೊಳಗೆ ಕಿವಿಗಳನ್ನು ಹೂತಿದ್ದರು. ಸದ್ದು ಜೋರಾದರೆ ಅದು ತಳದಲ್ಲಿರುವ ಒಬ್ಬೊಬ್ಬನನ್ನೂ ಹೆಸರು ಹಿಡಿದು ಹೆಲ್ಮೆಟ್ಟಿನಲ್ಲಿ ಕರೆಯುತ್ತದೆ. ಅವನು ‘ಓ’ ಅನ್ನಬೇಕು. ಓ ಅಂದವನು ಒಳಗಿದ್ದಾನೆ ಎಂದು ಲೆಕ್ಕ. ಅವನು ಬಂದು ‘ದಾಟಿದೆ’ ಅನ್ನುವ ತನಕ ತಳದ ಬಾಯಲ್ಲಿರುವ ಉಕ್ಕಿನ ನೀರುಬಾಗಿಲು ಅವನಿಗಾಗಿ ಕಾಯುತ್ತದೆ. ನಡುನಡುವೆ ಮತ್ತೆ ಕರೆದು ನೋಡುತ್ತದೆ. ಓಗೊಡದವನು ಅಲ್ಲಿಲ್ಲ ಎಂದು ಲೆಕ್ಕ. ಯಾರೂ ಉಳಿಯಲಿಲ್ಲ ಎನಿಸಿದ ಕ್ಷಣ ಬಾಗಿಲು ಬೀಳುತ್ತದೆ. ಇಲ್ಲವಾದರೆ ನೀರು ನಾವು ಗಣಿಗೆ ಇಳಿದು ಹತ್ತುವ ಮುಖ್ಯ ಬಾವಿಗೆ ನುಗ್ಗಿ ಉಳಿದ ಅಂತಸ್ತಿನವರನ್ನೂ ಎಳೆದುಕೊಂಡು ಹೋಗುತ್ತದೆ.

ಹೆಲ್ಮೆಟ್ಟಿನ ಗುರುತನ್ನೇ ಹಿಡಿಯಬಾರದೇ ಎಂದರೆ, ನಮ್ಮವರು ಹೆಲ್ಮೆಟ್ಟನ್ನು ಎಲೆಅಡಿಕೆಯ ಹಾಗೆ ಬದಲಿಸಿಕೊಳ್ಳುವವರು. ಮೇಡಂ ಇದನ್ನೆಲ್ಲ ನೋಡಿ, ದನಿಯೊಂದನ್ನು ಮಾತ್ರ ಯಾರೂ ಯಾರಿಗೂ ಎರವಲು ಕೊಡುವುದಿಲ್ಲ, ದನಿಯನ್ನೇ ನಂಬೋಣ ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ಸುರಂಗದ ಸೂರು ನೋಡಿದೆ.

ಮೊದಲ ಪರೀಕ್ಷೆಯಲ್ಲಿ ಬಂಡೆಪ್ಪ ಎಲ್ಲರ ಹೆಸರನ್ನೂ ಒಂದೊಂದು ಸಲ ಕರೆಯಿತು. ಒಬ್ಬನೂ ಓ ಅನ್ನಲಿಲ್ಲ. ಗಣಿ ಖಾಲಿ ಎಂದು ತಿಳಿದ ಬಂಡೆಪ್ಪ ನಮ್ಮೆಲ್ಲರನ್ನೂ ಒಳಗಿಟ್ಟು ಬಾಗಿಲು ಕೆಡವಿತು. ನೀರಿಲ್ಲದ ದಿನವಾದ್ದರಿಂದ ಮತ್ತೆ ಎತ್ತಿದರು, ಆದರೆ ಮೇಡಮ್ಮಿನ ಮುಖ ಸುಣ್ಣವಾಗಿತ್ತು. ನಾನು ನಮ್ಮ ಪದ್ಧತಿ ತಿಳಿಸಿ ಹೇಳಿದೆ. ನೆಲದೊಳಗೆ ಯಾರೇ ಕರೆದರೂ ಮೊದಲ ಕರೆಗೆ ಓಗೊಡಬಾರದು. ಮೊದಲನೆಯದು ಕಲ್ಲಿನ ಕರೆ, ಎರಡನೆಯದು ಸತ್ತವರ ಕರೆ, ಮೂರನೆಯದು ಮಾತ್ರ ಮನುಷ್ಯರದು. ಸತ್ತವರಿಗೆ ಮೂರನೆಯ ಸಲಕ್ಕೆ ಉಸಿರು ಉಳಿದಿರುವುದಿಲ್ಲ. ಪಟ್ಟಣದ ಲೆಕ್ಕದಲ್ಲಿ ಕರೆದರೆ ಓಗೊಡದವನು ಇಲ್ಲ. ಗಣಿಯ ಲೆಕ್ಕದಲ್ಲಿ ಕರೆದ ಕೂಡಲೇ ಓಗೊಟ್ಟವನು ಇನ್ನಿಲ್ಲ. ಮೇಡಂ ನಗಲಿಲ್ಲ, ಬೈಯಲಿಲ್ಲ. ನಡುವೆ ಎಲೆಅಡಿಕೆ ಹಾಕುವಷ್ಟು ಬಿಡುವಿಟ್ಟು ಮೂರು ಸಲ ಕರೆಯುವಂತೆ ಬಂಡೆಪ್ಪನಿಗೆ ಕಲಿಸಿದರು.

ಉಳಿದದ್ದು ದನಿಯ ಪ್ರಶ್ನೆ. ಅವರು ತಂದಿದ್ದ ದನಿ ರೈಲು ನಿಲ್ದಾಣದ ಹುಡುಗಿಯದರ ಹಾಗಿತ್ತು, “ದಯವಿಟ್ಟು ಗಮನಿಸಿ” ಎನ್ನುತ್ತಿತ್ತು. ಮೌನೇಶ ಎಂಬ ನಮ್ಮ ಡ್ರಿಲ್ಲರು, ಹೆಸರಲ್ಲೇ ಮೌನವಿಟ್ಟುಕೊಂಡು ಬಾಯಿ ಮುಚ್ಚದ ಪ್ರಾಣಿ, ಓಡುವುದು ಬಿಟ್ಟು ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಬೇಕಾಗಿದ್ದದ್ದು ತಲೆಗಿಂತ ಮೊದಲು ಕಾಲಿಗೆ ಕೇಳುವ ದನಿ. ಅಂಥದ್ದು ಗಣಿಯಲ್ಲಿ ಒಂದೇ ಇತ್ತು. ಹುಸೇನಪ್ಪ ಮೇಸ್ತ್ರಿ “ಏ, ಬರ್ರಲೇ ಹೊರಗ” ಎಂದರೆ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಬಿಟ್ಟು ಜನ ಓಡುತ್ತಿದ್ದರು. ಆ ದನಿಯನ್ನು ತುಂಬಿಕೊಡಿ ಎಂದು ಮೇಡಂ ಕೇಳಿದರು. ಹುಸೇನಪ್ಪ ಒಲ್ಲೆ ಎಂದ. ದನಿ ಎಂದರೆ ಉಪ್ಪಿನಕಾಯಿಯೇ ಡಬ್ಬಿಯಲ್ಲಿ ತುಂಬಿಡಲು, ಎಂದು ಕೇಳಿದ.

ಅದೇ ಹುಸೇನಪ್ಪನಿಗೆ ನನ್ನ ಡಬ್ಬಿಯ ಮೇಲೆ ಮಾತ್ರ ಕಣ್ಣು. ನಮ್ಮನೆಯವಳು ಮಾಡುವ ಬದನೆಕಾಯಿ ಎಣ್ಣೆಗಾಯಿ ನಾನು ಕೈ ತೊಳೆದು ಬರುವಷ್ಟರಲ್ಲಿ ಅವನ ಹೊಟ್ಟೆಯಲ್ಲಿರುತ್ತಿತ್ತು. ಸೇಡು ತೀರಿಸಲು ನನ್ನ ಬಳಿ ಇದ್ದ ಆಯುಧ ಒಂದೇ. ಕಂಟ್ರೋಲ್ ರೂಮಿನಲ್ಲಿ ಒಬ್ಬನೇ ಕೂತು, ಪಾಳಿಯವರ ಹೆಸರುಗಳನ್ನೆಲ್ಲ ಹುಸೇನಪ್ಪನ ದನಿಯಲ್ಲಿ ಕರೆದು ಬಂಡೆಪ್ಪನಿಗೆ ಉಣ್ಣಿಸಿದೆ. ಮರುದಿನ ಊಟದ ಹೊತ್ತಿಗೆ ಅವನ ಬಾಯಲ್ಲಿ ನನ್ನ ಬದನೆಕಾಯಿ ಇದ್ದಾಗ ಗುಂಡಿ ಒತ್ತಿದೆ. ಮೂರನೆಯ ಕರೆಗೆ ಜನ ದಡಬಡ ಓಡಿಬಂದರು. ಬಾಯಿ ತುಂಬ ತುಂಬಿಕೊಂಡ ಹುಸೇನಪ್ಪನನ್ನು ನೋಡಿದರು, ಅವನ ದನಿಯಲ್ಲಿ ಇನ್ನೂ ಬೈಯುತ್ತಿದ್ದ ಉಕ್ಕಿನ ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ನಗು ಬಾವಿಯ ಮೇಲಿನ ತನಕ ಕೇಳಿಸಿತಂತೆ.

ಹುಸೇನಪ್ಪ ಒಬ್ಬನೇ ನಗಲಿಲ್ಲ. ಬಾಯಲ್ಲಿದ್ದದ್ದನ್ನು ನಿಧಾನ ನುಂಗಿದ.

“ಯಂಕೋಬ, ಅನ್ನ ಕದ್ದವಗ ಹೊಟ್ಟಿ ತುಂಬತೈತಿ,” ಎಂದ. “ದನಿ ಕದ್ದವಗ ಏನ್ ತುಂಬತೈತೋ?”

ಅಂದಿನಿಂದ ಅವನು ನನ್ನ ಡಬ್ಬಿ ಮುಟ್ಟಲಿಲ್ಲ. ನನಗೆ ಎಣ್ಣೆಗಾಯಿ ಪೂರ್ತಿ ಸಿಗತೊಡಗಿತು, ರುಚಿ ಮಾತ್ರ ಅರ್ಧವಾಯಿತು. ಜನ ಓಡಿಬಂದದ್ದನ್ನು ಕಂಡ ಮೇಡಂ ದನಿಯನ್ನು ಹಾಗೇ ಉಳಿಸಿಕೊಂಡರು.

ಆ ಮಳೆಗಾಲದಲ್ಲೇ ಹುಸೇನಪ್ಪನ ಗಂಟಲು ಕಟ್ಟಿತು. ಕಟ್ಟಿದ್ದು ಬಿಡಲಿಲ್ಲ. ದೊಡ್ಡಾಸ್ಪತ್ರೆಯವರು ಕಲ್ಲುದೂಳು ಎಂದರು, ತಂಬಾಕು ಎಂದರು, ಜೀವ ಬೇಕಾದರೆ ಗಂಟಲೊಳಗಿನ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು. ತೆಗೆದರು. ಉಸಿರಾಡಲು ಕೊರಳ ಬುಡದಲ್ಲಿ ಒಂದು ತೂತು ಉಳಿಯಿತು, ಅದರ ಮೇಲೆ ಒಂದು ಒದ್ದೆ ಬಟ್ಟೆ. ಮೇಲಿನ ಪೆಟ್ಟಿಗೆ ಹೋಯಿತು, ಕೆಳಗಿನ ಪೆಟ್ಟಿಗೆ ಉಳಿಯಿತು. ಕಾಲೊನಿಯವರು ಆಸ್ಪತ್ರೆಯ ಮಾತು ನಂಬಲಿಲ್ಲ. ದನಿ ಒಂದೇ, ಎರಡು ಕಡೆ ಇರಲು ಹೇಗಾದೀತು. ಬಂಡೆಪ್ಪ ಎಳೆದುಕೊಂಡಿತು ಎಂದರು. ನನ್ನ ಮುಂದೆ ಯಾರೂ ಅನ್ನಲಿಲ್ಲ. ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ನನ್ನ ಮಿಮಿಕ್ರಿಯನ್ನು ಯಾರೂ ಕೇಳದೆ ತಿಂಗಳುಗಳಾದವು.

ಹುಸೇನಪ್ಪನಿಗೆ ಮೇಲೆ ಲ್ಯಾಂಪ್ ರೂಮಿನಲ್ಲಿ ಹೆಲ್ಮೆಟ್ಟು ಕೊಡುವ ಹಗುರ ಕೆಲಸವಾಯಿತು. ಬೆಳಗಿನ ಪಾಳಿ ಇಳಿಯುವ ಮೊದಲು ಬಂಡೆಪ್ಪ ಎಲ್ಲರ ಹಾಜರಿ ಕರೆಯುತ್ತದೆ. ಅದು ಬಾವಿಯ ಬಾಯಲ್ಲಿರುವ ಲೌಡ್‌ಸ್ಪೀಕರಿನಲ್ಲಿ ಕಾಲೊನಿಯ ಕೊನೆಯ ಮನೆಯ ತನಕ ಕೇಳುತ್ತದೆ. ಬದುಕಿರುವವನ ಹೆಸರು ಹೊಡೆದುಹಾಕಲು ಯಾರಿಗೂ ಕೈ ಬರದೆ ಹುಸೇನಪ್ಪನ ಹೆಸರೂ ಅದರಲ್ಲಿ ಉಳಿದಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಹುಸೇನಪ್ಪನ ದನಿ ಆಕಾಶದಿಂದ “ಹುಸೇನಪ್ಪಾ” ಎಂದು ಮೂರು ಸಲ ಹುಸೇನಪ್ಪನನ್ನು ಕರೆಯುತ್ತಿತ್ತು. ಅವನು ಕೈಯಲ್ಲಿ ಯಾರದೋ ಹೆಲ್ಮೆಟ್ಟು ಹಿಡಿದವನು ತುಟಿ ದುಂಡಗೆ ಮಾಡುತ್ತಿದ್ದ. ಕೊರಳ ಬಟ್ಟೆ ಒಮ್ಮೆ ಉಬ್ಬಿ ಬೀಳುತ್ತಿತ್ತು. ಪುಸ್ಸೆಂಬ ಒಂದು ಗಾಳಿ, ಅಷ್ಟೇ. ಸಾಲಿನಲ್ಲಿ ನಿಂತ ಜನ ನೆಲ ನೋಡುತ್ತಿದ್ದರು.

ಅಷ್ಟರಲ್ಲಿ ಬಂಡೆಪ್ಪ ನಾನು ಕಲಿಸದ ಮಾತು ಆಡತೊಡಗಿತು. ಕರೆಯುವ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಮೌನೇಶನನ್ನು “ಅಳಿಯಾ” ಎಂದಿತು. ಮೌನೇಶ ನಿಜವಾಗಿಯೂ ಹುಸೇನಪ್ಪನ ಅಳಿಯ, ಆದರೆ ನಾನು ತುಂಬಿದ್ದು ಬರೀ ಹೆಸರು. ತುಂಬಿದವನಿಗೆ ಗೊತ್ತಿರುತ್ತದೆ ತಾನು ಏನು ತುಂಬಿದೆ ಎಂದು. ಫೋನಿನಲ್ಲಿ ಮೇಡಂ ಸಮಾಧಾನ ಹೇಳಿದರು. ಯಾವ ಬಗೆಯ ಕರೆಗೆ ಕಾಲುಗಳು ಬೇಗ ಏಳುತ್ತವೋ ಆ ಬಗೆಯನ್ನು ಹುಡುಕಿಕೊ ಎಂದು ಅದಕ್ಕೆ ತಾವೇ ಕಲಿಸಿದ್ದರಂತೆ. ಬಂದಾಗಿನಿಂದ ಹೆಲ್ಮೆಟ್ಟುಗಳ ಮೂಲಕ ಮೇಸ್ತ್ರಿಯ ಮಾತು ಕೇಳಿಸಿಕೊಂಡಿದೆ, ಅಲ್ಲಿಂದ ಆಯ್ದುಕೊಳ್ಳುತ್ತಿದೆ. ಹೆದರಲು ಏನೂ ಇಲ್ಲ ಎಂದರು. ಹೆದರಲು ಏನೂ ಇರಲಿಲ್ಲ ನಿಜ. ಒಂದು ಪೆಟ್ಟಿಗೆ, ಒಂದು ದನಿ, ಒಬ್ಬ ಮೂಕ. ಅಷ್ಟೇ ಸಾಕಾಗಿತ್ತು.

ಒಂದು ಭಾನುವಾರ ಎಣ್ಣೆಗಾಯಿಯ ಡಬ್ಬಿ ಹಿಡಿದು ಹುಸೇನಪ್ಪನ ಮನೆಗೆ ಹೋದೆ. ಕದದ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ‘ನಾಳೆ ಬಾ’ ಎಂದು ಬರೆದಿತ್ತು. ಬಲ್ಲವರ ದನಿ ತೆಗೆದು ಬಾಗಿಲಲ್ಲಿ ಕರೆಯುವ ದೆವ್ವಕ್ಕೆ ನಮ್ಮ ಹಿರಿಯರು ಬರೆಯುತ್ತಿದ್ದ ಉತ್ತರ ಅದು. ದೆವ್ವ ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಓದುತ್ತದೆ. ಬಲ್ಲವರ ದನಿ ತೆಗೆಯುವ ನಾನು ಅದನ್ನು ಓದುತ್ತ ಹೊಸ್ತಿಲಲ್ಲೇ ನಿಂತೆ. ಹುಸೇನಪ್ಪನ ಹೆಂಡತಿ ದ್ಯಾವಮ್ಮ, ಅದು ನಿನಗಲ್ಲ, ಒಳಗೆ ಬಾ ಎಂದಳು. ಅವನು ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ. ಕೊರಳಿನಿಂದ ಬರುವ ಉಸಿರು ಕೋಣೆಗೆಲ್ಲ ಕೇಳುತ್ತಿತ್ತು. ಮತ್ತೆ ಯಾರಿಗೆ ಬರೆದದ್ದು ಎಂದು ಕೇಳಿದೆ. ಅವಳು ಅವನತ್ತ ನೋಡಿ ದನಿ ತಗ್ಗಿಸಿದಳು.

“ಮನುಷ್ಯಾ ಇಲ್ಲೇ ಅದಾನ, ದನಿ ಹೊರಗ ತಿರಗಾಕತ್ತೈತಿ. ಒಂದಿನ ಅದಕ್ಕ ಮನಿ ನೆನಪಾಗಿ, ಬಾಗಲದಾಗ ನಿಂತು ‘ದ್ಯಾವೀ’ ಅಂತ ಕರದ್ರ ನಾ ಯಾರಿಗೆ ಓ ಅನ್ನಲಿ, ಯಂಕೋಬಣ್ಣ?”

ಡಬ್ಬಿ ಅಲ್ಲೇ ಇಟ್ಟು ಬಂದೆ. ಮರುದಿನ ಅದು ಹಾಗೇ ಮುಚ್ಚಳ ತೆರೆಯದೆ ನನ್ನ ಮೇಜಿನ ಮೇಲಿತ್ತು.

ಮನೆಯ ಕದದಿಂದ ಆ ಎರಡು ಪದ ಗಣಿಗಿಳಿಯಲು ತಡವಾಗಲಿಲ್ಲ. ಬಂಡೆಪ್ಪನ ಉಕ್ಕಿನ ಎದೆಯ ಮೇಲೆ ಯಾರೋ ‘ನಾಳೆ ಬಾ’ ಬರೆದರು. ನಾನು ಒರೆಸಿದೆ, ಮತ್ತೆ ಬರೆದರು. ಹಾಜರಿಯಲ್ಲಿ ಓ ಅನ್ನುವವರು ಕಡಿಮೆಯಾದರು. ಮೌನೇಶ ಕಾರಣ ಹೇಳಿದ.

“ಸತ್ತವರಿಗೆ ಮೂರನೇ ಸಲಕ್ಕ ಉಸಿರಿರಂಗಿಲ್ಲ, ಖರೆ. ಈ ಕಬ್ಬಿಣಕ್ಕ ಉಸಿರ ಬೇಕಿಲ್ಲಲ್ಲ. ಮೂರಲ್ಲ, ಮುನ್ನೂರು ಸಲ ಕರೀತೈತಿ. ನಮ್ಮ ಮಾವ ಮ್ಯಾಲೆ ಬಾಯಿಲ್ಲದ ಕುಂತಾನ. ಕೆಳಗ ಕರಿಯಾವ ನಮ್ಮ ಮಾವ ಅಲ್ಲ.”

ಕರೆದರೆ ಓಗೊಡಬಾರದು, ಕರೆದ ಕಡೆಗೆ ಹೋಗಲೂಬಾರದು ಎಂದು ತಳದವರು ತಮ್ಮತಮ್ಮಲ್ಲೇ ಆಣೆ ಮಾಡಿಕೊಂಡರು. ಬೇರೆ ದನಿ ಹಾಕಲು ನಾನು ಹೆಣಗಿದೆ. ಹಾಜರಿಗೆ ಹೊಸ ದನಿ ಹಾಕಬಹುದು, ಆದರೆ ನಿಜವಾದ ಗಂಡಾಂತರದಲ್ಲಿ ಅದು ಹಿಂದೆ ಗೆದ್ದ ದನಿಯನ್ನೇ ಹಿಡಿಯುತ್ತದೆ, ಅದನ್ನು ಕೀಳಬೇಕಾದರೆ ಮುಚ್ಚಳ ತೆಗೆಯಬೇಕು ಎಂದರು ಮೇಡಂ. ಅಂದರೆ ಪೆಟ್ಟಿಗೆ ಮೇಲೆ, ಗಣಿ ಬಂದ್. ಮೇಲಧಿಕಾರಿಗಳು ಸದ್ಯಕ್ಕೆ ಆಗದು, ನೋಡೋಣ ಎಂದರು. ಅವರೂ ಒಂದು ಬಗೆಯಲ್ಲಿ ‘ನಾಳೆ ಬಾ’ ಎಂದೇ ಬರೆದರು.

ನಾಳೆ ಎಂಬುದು ಒಂದು ಮಧ್ಯಾಹ್ನ ಬಂತು. ನನ್ನ ಕಂಟ್ರೋಲ್ ರೂಮು ಬಾವಿಯ ಬುಡದಲ್ಲಿ, ನೀರುಬಾಗಿಲಿನ ಪಕ್ಕದಲ್ಲೇ ಇರುವ ಗಾಜಿನ ಗೂಡು. ಊಟದ ಡಬ್ಬಿ ತೆಗೆಯುತ್ತಿದ್ದೆ. ಹಲಗೆಯ ಮೇಲೆ ಕಲ್ಲಿನ ಕಿವಿಗಳ ದೀಪಗಳು ಒಂದರ ಹಿಂದೆ ಒಂದು ಕೆಂಪಾದವು. ಬಂಡೆಪ್ಪ ಕೆಮ್ಮಿ 'ಅಳಿಯಾ' ಎಂದಿತು. ತಿಪ್ಪಣ್ಣಾ ಎಂದಿತು, ಬಾಬುಮಿಯಾ ಎಂದಿತು, ತಳದಲ್ಲಿದ್ದ ಎಲ್ಲರನ್ನೂ ಕರೆಯಿತು. ಓ ಇಲ್ಲ. ಮೊದಲ ಕರೆ, ಸರಿ ಎಂದುಕೊಂಡೆ. ಎರಡನೆಯದಕ್ಕೂ ಇಲ್ಲ. ನಾನು ಮೈಕು ಹಿಡಿದು, ಜನ್ಮದಲ್ಲಿ ಮೊದಲ ಸಲ ನನ್ನದೇ ದನಿಯಲ್ಲಿ, ಇದು ತಮಾಷೆಯಲ್ಲ, ನೀರು ಬರುತ್ತಿದೆ, ಹೊರಗೆ ಬನ್ನಿ ಎಂದು ಬೇಡಿಕೊಂಡೆ.

ಅವರಿಗೆ ಕೇಳಿಸಿತ್ತು. ಕೇಳಿಸಿ ಏನೆಂದುಕೊಂಡರು ಎಂಬುದನ್ನು ಮೌನೇಶ ಆಮೇಲೆ ಹೇಳಿದ. ಬಂಡೆಪ್ಪ ಈಗ ಯಂಕೋಬನನ್ನೂ ನುಂಗಿತು ಎಂದುಕೊಂಡರಂತೆ. ಎಲ್ಲರೂ ಹೆಲ್ಮೆಟ್ಟು ತೆಗೆದು ಗೂಟಕ್ಕೆ ಹಾಕಿ, ಕೇಳಿಸದಷ್ಟು ದೂರ ಹೋಗಿ ಕೂತರಂತೆ.

ಇನ್ನೊಂದು ಸಲ ಕರೆದರೆ ಮುಗಿಯಿತು. ಮೂರನೆಯದಕ್ಕೂ ಸುಮ್ಮನಿದ್ದರೆ ಒಳಗೆ ಯಾರೂ ಇಲ್ಲವೆಂದು ಬಾಗಿಲು ಬೀಳುತ್ತದೆ. ನಾನು ಮೈಕು ಬಿಟ್ಟು ಒಳಗೆ ಓಡಲೇ ಎಂದು ಎದ್ದೆ. ಆಗ ಗಾಜಿನ ಆಚೆ ಹುಸೇನಪ್ಪ ನಿಂತಿದ್ದ. ಮೇಲಿನ ಲೌಡ್‌ಸ್ಪೀಕರಿನಲ್ಲಿ ತನ್ನ ದನಿ ತನ್ನ ಅಳಿಯನನ್ನು ಕರೆದದ್ದನ್ನೂ ಅಳಿಯ ಸುಮ್ಮನಿದ್ದದ್ದನ್ನೂ ಕೇಳಿ, ಯಾರನ್ನೂ ಕೇಳದೆ ಬಾವಿಯಲ್ಲಿ ಜನರನ್ನು ಇಳಿಸುವ ತೊಟ್ಟಿಲು ಹತ್ತಿ ಇಳಿದುಬಂದಿದ್ದ. ಆ ಕೊರಳಿಟ್ಟುಕೊಂಡು ದೂಳಿಗೆ ಇಳಿಯಬಾರದೆಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಅವನು ಗಾಜು ತಟ್ಟಿದ. ತನ್ನ ಬೆರಳನ್ನು ನನ್ನ ಬಾಯಿಯತ್ತ ತೋರಿಸಿದ. ಆಮೇಲೆ ತನ್ನ ತುಟಿ ದುಂಡಗೆ ಮಾಡಿದ.

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಅವನು ಹೆಲ್ಮೆಟ್ಟು ಹಾಕಿಕೊಂಡು ಬಾಗಿಲು ದಾಟಿ ಕತ್ತಲೆಗೆ ನಡೆದಿದ್ದ. ಬಂಡೆಪ್ಪ ಮೂರನೆಯ ಸಲ ಕರೆಯಿತು. ‘ಅಳಿಯಾ, ಮೌನೇಶಾ.’

ನಾನು ಮತ್ತೆ ಮೈಕು ಹಿಡಿದು ಮೌನೇಶನ ಹಾಗೆ ಆಕಳಿಸಿಕೊಂಡು “ಓ” ಎಂದೆ.

ಹಲಗೆಯ ಮೇಲೆ ಮೌನೇಶನ ದೀಪ ಹಸಿರಾಯಿತು. ತಿಪ್ಪಣ್ಣನದು ಬಾಯಲ್ಲಿ ತಂಬಾಕಿನ ಎಂಜಲು ನಿಲ್ಲಿಸಿಕೊಂಡ ಓ. ಬಾಬುಮಿಯಾನದು ಮಗನ ಮದುವೆಗೆ ಕರೆದ ಹಾಗೆ ರಾಗವಾದ ಓ. ಒಬ್ಬೊಬ್ಬರ ಹೆಸರಿಗೂ ಅವರವರ ಓ ತೆಗೆದೆ. ಎಲ್ಲ ಹಸಿರಾದವು, ಬಾಗಿಲು ನಿಂತಿತು. ಈ ಬಾಗಿಲು ತೆರೆದಿರುವಾಗ ನೀರು ಬಂದರೆ ಮೇಲಿನ ಅಂತಸ್ತಿನವರೂ ಹೋಗುತ್ತಾರೆ. ಆ ಬಾಗಿಲಿಗೆ ಈಗ ಕೊಟ್ಟ ಆನಿಕೆ ನನ್ನ ಸುಳ್ಳು ಬಾಯಿ ಒಂದೇ.

ಬಂಡೆಪ್ಪ ಬಿಡುವು ಕೊಟ್ಟು ಮತ್ತೆ ಕರೆಯಿತು. ಮತ್ತೆ ಓ ಎಂದೆ. ಈ ಸಲ ಕೊನೆಯಲ್ಲಿ ಹೊಸ ಹೆಸರೊಂದು ಸೇರಿತ್ತು, ಏಕೆಂದರೆ ಹುಸೇನಪ್ಪನ ಹೆಲ್ಮೆಟ್ಟು ಒಳಗೆ ಹೋಗಿತ್ತು. ಹುಸೇನಪ್ಪನ ದನಿ ಹುಸೇನಪ್ಪನನ್ನು ಕರೆಯಿತು, ನಾನು ಹುಸೇನಪ್ಪನ ದನಿಯಲ್ಲಿ ಓಗೊಟ್ಟೆ. ಒಂದೇ ದನಿ ತನ್ನನ್ನು ತಾನು ಕೇಳಿ ತನಗೆ ತಾನು ಹೇಳಿಕೊಂಡಿತು. ಆ ದನಿಯ ಒಡೆಯ ಮಾತಿಲ್ಲದೆ ಕತ್ತಲೆಯಲ್ಲಿ ನಡೆಯುತ್ತಿದ್ದ.

ಒಳಗೆ ನಡೆದದ್ದು ಮೌನೇಶನ ಬಾಯಿಂದ ಕೇಳಿದ್ದು. ದೂರದಲ್ಲಿ ಒಂದು ಬೆಳಕು ಎಡಬಲ ತೂಗುತ್ತ ಬಂತು. ಹೊರಗೆ ಓಡಿ ಎನ್ನಲು ಮೇಸ್ತ್ರಿಗಳು ದೀಪ ತೂಗುವ ಹಳೆಯ ಬಗೆ ಅದು. ಹತ್ತಿರ ಬಂದಾಗ ಮಾವನ ಮುಖ. ಬಾಬುಮಿಯಾ ಕಣ್ಣು ಮುಚ್ಚಿಕೊಂಡ. ಮೌನೇಶ “ನಾಳೆ ಬಾ, ನಾಳೆ ಬಾ” ಎಂದ. ಹುಸೇನಪ್ಪ ಅವನ ಕೆನ್ನೆಗೆ ಬಿಟ್ಟ.

“ದೆವ್ವಾನೂ ಹೊಡೀಬಹುದು,” ಎಂದು ಮೌನೇಶ ಇವತ್ತಿಗೂ ಕೆನ್ನೆ ಮುಟ್ಟಿ ಹೇಳುತ್ತಾನೆ. “ಆದ್ರ ದೆವ್ವದ ಅಂಗೈ ಬೆವತಿರಂಗಿಲ್ಲ.”

ಜನ ಗೂಟದ ಹೆಲ್ಮೆಟ್ಟು ಎಳೆದುಕೊಂಡು ಓಡಿಬಂದರು. ಒಬ್ಬೊಬ್ಬರೂ ಬಾಗಿಲು ದಾಟಿ ತಮ್ಮ ನಿಜವಾದ ದನಿಯಲ್ಲಿ ‘ದಾಟಿದೆ’ ಎಂದರು, ಹಸಿರು ದೀಪಗಳು ಒಂದೊಂದಾಗಿ ಆರಿದವು. ಒಂದು ಮಾತ್ರ ಉಳಿಯಿತು. ಹುಸೇನಪ್ಪ ಎಲ್ಲರ ಹಿಂದಿದ್ದ. ಕೊರಳ ತೂತಿಗೆ ದೂಳು ಹೊಕ್ಕು, ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಮೌನೇಶ ತಿರುಗಿ ಒಳಗೆ ಓಡಿದ. ಕಲ್ಲು ಈಗ ನಮ್ಮ ಕಿವಿಗೇ ಕೇಳುವಂತೆ ಚಿಟಿಗುಟ್ಟುತ್ತಿತ್ತು.

“ಹುಸೇನಪ್ಪಾ,” ಎಂದಿತು ಬಂಡೆಪ್ಪ.

ಬಾಯಿ ತೆರೆದೆ. ಅಷ್ಟು ಜನರ ದನಿ ತೆಗೆದ ಗಂಟಲಿನ ತೇವ ಆರಿಹೋಗಿತ್ತು. ಕೆಮ್ಮು ಬಂತು. ಮತ್ತೆ ಕರೆಯಿತು. ಮತ್ತೆ ತೆರೆದೆ, ಬರೀ ಗಾಳಿ. ಮೂರನೆಯ ಸಲ ಕರೆದಾಗ ನಾನು ಕೊರಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದೆ. ಪುಸ್ಸೆಂದಿತು, ಅಷ್ಟೇ. ಹುಸೇನಪ್ಪ ದಿನಾ ಬೆಳಿಗ್ಗೆ ಏನನ್ನು ಬಾಯಲ್ಲಿಟ್ಟುಕೊಂಡು ನಿಲ್ಲುತ್ತಿದ್ದನೋ ಅದು ನನಗಾಗ ತಿಳಿಯಿತು.

“ಓ,” ಎಂದಿತು ಹೊರಬಂದು ನಿಂತವರ ಹೆಲ್ಮೆಟ್ಟುಗಳ ಸಾಲು.

ಹುಸೇನಪ್ಪನ ದನಿ. ನನ್ನ ತುಟಿ ದುಂಡಗಿತ್ತು, ಅದರಲ್ಲಿ ದನಿ ಇರಲಿಲ್ಲ. ಹಸಿರು ದೀಪ ನಿಂತಿತು, ಬಾಗಿಲು ಕಾಯಿತು. ಮೌನೇಶ ಮಾವನನ್ನು ಹೆಗಲಿಗೆ ಹಾಕಿಕೊಂಡು ಹೊರಬಂದ. “ದಾಟೀನ್ರಲೇ,” ಎಂದಿತು ಅದೇ ದನಿ. ಬಾಗಿಲು ಬಿತ್ತು. ಆಚೆ ಕಡೆಯಿಂದ ನೀರು ಬಂದು ಉಕ್ಕಿಗೆ ಬಡಿದ ಸದ್ದಿಗೆ ನನ್ನ ಡಬ್ಬಿ ಮೇಜಿನಿಂದ ಉರುಳಿತು.

ಹುಸೇನಪ್ಪ ನೆಲದ ಮೇಲೆ ಕೂತು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರಿಗೂ ಮಾತಿರಲಿಲ್ಲ. ನಮ್ಮಿಬ್ಬರ ನಡುವೆ ಉಕ್ಕಿನ ಪೆಟ್ಟಿಗೆ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು.

ಗಣಿ ಹೇಗೂ ಬಂದಾಯಿತು. ಬಂಡೆಪ್ಪನನ್ನು ಮೇಲೆ ತಂದು ಲ್ಯಾಂಪ್ ರೂಮಿನಲ್ಲಿ ಇಳಿಸಿದರು, ನಳಿನಾಕ್ಷಿ ಮೇಡಂ ಬಂದರು. ಅವರ ವಿವರಣೆ ಸರಳವಾಗಿತ್ತು. ಬೆಳಗಿನ ಹಾಜರಿಯಲ್ಲಿ ತನ್ನ ಹೆಸರಿಗೆ ಹುಸೇನಪ್ಪ ತುಟಿ ಆಡಿಸಿ ಬಿಡುತ್ತಿದ್ದ ಪುಸ್ ಗಾಳಿ ಅವನ ಕೈಯಲ್ಲಿದ್ದ ಹೆಲ್ಮೆಟ್ಟಿನ ಮೈಕಿಗೆ ಬೀಳುತ್ತಿತ್ತು. ಬಂಡೆಪ್ಪ ಆ ಗಾಳಿಯನ್ನು ಅವನ ‘ಓ’ ಎಂದು ಗುರುತು ಹಾಕಿಕೊಂಡು, ತನ್ನ ಬಳಿ ಇದ್ದ ದನಿಯನ್ನು ಅದಕ್ಕೆ ತೊಡಿಸಿದೆ. ಹಾಗಾದರೆ ‘ದಾಟೀನ್ರಲೇ’ ಎಂದದ್ದು, ಎಂದು ಕೇಳಿದೆ. ಆ ಮಾತಿಗೆ ಅವನು ಹಾಜರಿಯಲ್ಲಿ ಎಂದೂ ಗಾಳಿ ಬಿಟ್ಟಿರಲಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿದರು.

“ಅದನ್ನ ನಾನು ಕಲಿಸಿಲ್ಲ,” ಎಂದರು.

ಆಮೇಲೆ ಹುಸೇನಪ್ಪನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಮುಚ್ಚಳ ತೆಗೆಯಲು ಈಗ ಅಡ್ಡಿಯಿಲ್ಲ, ನಿಮ್ಮ ದನಿ ನಿಮ್ಮದು. ಅಳಿಸಿಬಿಡಲೇ ಎಂದು ಕೇಳಿದರು. ಲ್ಯಾಂಪ್ ರೂಮಿನಲ್ಲಿ ತಳದವರೆಲ್ಲ ಇದ್ದರು. ಉಸಿರು ಕೂಡ ಕೇಳಿಸಲಿಲ್ಲ, ಅವನ ಕೊರಳಿನದೊಂದನ್ನು ಬಿಟ್ಟು. ಅವನು ಹೆಲ್ಮೆಟ್ಟು ತಲೆಗೆ ಹಾಕಿಕೊಂಡು ಪೆಟ್ಟಿಗೆಯನ್ನು ದಿಟ್ಟಿಸಿದ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಬಿಗುವು ತಾಳಲಾರದೆ ನಾನು, ಇಂಥ ಹೊತ್ತಿನಲ್ಲಿ ನನಗೆ ಹಸಿವಾಗುವುದು ಹುಟ್ಟುಗುಣ, ಡಬ್ಬಿ ತೆಗೆದೆ.

ಒಳಗೆ ಎಣ್ಣೆಗಾಯಿ ಇರಲಿಲ್ಲ. ಬದನೆಕಾಯಿಯ ಗಾತ್ರದ ಕರಿಕಲ್ಲುಗಳನ್ನು ಒಪ್ಪವಾಗಿ ಜೋಡಿಸಿ, ಮೇಲೆ ಕೊತ್ತಂಬರಿ ಎಲೆ ಉದುರಿಸಿತ್ತು. ತಲೆಯೆತ್ತಿದೆ. ಹುಸೇನಪ್ಪನ ಮೀಸೆಯ ತುದಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು. ನಾನು ದನಿ ಕದ್ದ ದಿನದಿಂದ ಮುಟ್ಟದಿದ್ದ ಡಬ್ಬಿಯನ್ನು ಅವನು ಮುಟ್ಟಿದ್ದ.

ನಾನು ದ್ಯಾವಮ್ಮನ ದನಿ ತೆಗೆದು ಬೈದೆ. “ಅಯ್ಯ ನಿನ್ನ ಹೊಟ್ಟಿಗೆ ಬೆಂಕಿ ಬೀಳ್ಲಿ, ಡಾಕ್ಟ್ರು ಖಾರ ಬ್ಯಾಡಂದಾರ.”

ತಿಂಗಳುಗಳ ಮೇಲೆ ಮೊದಲ ಸಲ ಜನ ನನ್ನ ಮಿಮಿಕ್ರಿಗೆ ನಕ್ಕರು. ಹುಸೇನಪ್ಪನ ಭುಜ ಕುಣಿಯತೊಡಗಿತು. ಕೊರಳ ಬಟ್ಟೆ ಪಟಪಟ ಹಾರಿತು, ಪುಸ್ ಪುಸ್ ಎಂದು ಗಾಳಿ ಹೆಲ್ಮೆಟ್ಟಿನ ಮೈಕಿಗೆ ಬಡಿಯಿತು. ಬಾವಿಯ ಬಾಯಲ್ಲಿದ್ದ ಲೌಡ್‌ಸ್ಪೀಕರು ಒಮ್ಮೆ ಕೆಮ್ಮಿತು.

ಆಮೇಲೆ ನಕ್ಕಿತು. ನಾನು ತುಂಬದ ನಗು, ನಾನು ಅವನ ದನಿ ಕದ್ದು ಎಲ್ಲರನ್ನೂ ನಗಿಸಿದ ಮಧ್ಯಾಹ್ನ ಅವನು ನಗದೆ ಉಳಿಸಿಕೊಂಡಿದ್ದ ನಗು, ಒಳಗೆ ಸಿಡಿದದ್ದು ಈಗ ಹೊರಗೆ ಬಂದ ಹಾಗೆ. ಗೂಟಕ್ಕೆ ಹಾಕಿದ್ದ ಹೆಲ್ಮೆಟ್ಟುಗಳೆಲ್ಲ ಒಟ್ಟಿಗೆ ನಕ್ಕವು. ನಮ್ಮ ನಗು ಗಂಟಲಲ್ಲೇ ನಿಂತಿತು. ಬಾಬುಮಿಯಾ ಗೋಡೆಗೆ ಒರಗಿದ. ಹುಸೇನಪ್ಪ ತಾನೂ ಬೆಚ್ಚಿ ಬಾಯಿ ಮುಚ್ಚಿದ, ಆಕಾಶ ಸುಮ್ಮನಾಯಿತು. ಅವನು ಮೆಲ್ಲಗೆ ಒಮ್ಮೆ ಪುಸ್ ಎಂದ. ಮೇಲೆ ಒಂದು ಹ್ಹ ಕೇಳಿತು. ಇನ್ನೊಮ್ಮೆ ಎಂದ. ಇನ್ನೊಂದು ಹ್ಹ.

ಬಾಗಿಲಲ್ಲಿ ಸದ್ದಾಯಿತು. ದ್ಯಾವಮ್ಮ ಕಾಲೊನಿಯಿಂದ ಓಡಿಬಂದು ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು, ಕೈಯಲ್ಲಿ ಒಂದು ಒದ್ದೆ ಅರಿವೆ ಇತ್ತು, ಅದರ ತುಂಬ ಕದದಿಂದ ಒರೆಸಿದ ಸೀಮೆಸುಣ್ಣ ಮೆತ್ತಿತ್ತು. ಹುಸೇನಪ್ಪ ಅವಳನ್ನು ನೋಡಿದ, ತುಟಿಯಾಡಿಸಿದ. “ದ್ಯಾವೀ,” ಎಂದಿತು ಆಕಾಶ.

“ಓ,” ಎಂದಳು ಅವಳು, ಮೊದಲ ಕರೆಗೇ.

ಆಗ ಅವನು ಹೊಟ್ಟೆ ಹಿಡಿದುಕೊಂಡ. ಎಲ್ಲರೂ ನಗುತ್ತಿದ್ದೆವು, ಕಣ್ಣೊರೆಸಿಕೊಳ್ಳುತ್ತ ಮೇಡಮ್ಮೂ ನಗುತ್ತಿದ್ದರು. ನಮ್ಮೆಲ್ಲರ ನಗುವನ್ನೂ ಮುಳುಗಿಸಿ, ಗುಡ್ಡಕ್ಕೆ ಬಡಿದು ತಿರುಗಿ ಬರುವಷ್ಟು ಜೋರಾಗಿ, ಗಂಟಲಿಲ್ಲದ ಹುಸೇನಪ್ಪ ನಕ್ಕ.